ನುಡಿದವರು ಮತ್ತು ಬರೆದವರು: ಅಮೆರಿಕದ ಅಡುಗೆ ಪರಂಪರೆಯ ಮೌಖಿಕ ನೆಲೆಗಳು

ಯಾವುದೇ ಸಮುದಾಯದ ಅಡುಗೆಯ ಅರಿವು ಮೂಲತಃ ಮೌಖಿಕವಾದುದು. ಕೈಯಳತೆ, ಕಣ್ಣಳತೆ, ನಾಲಿಗೆಯ ನೆನಪುಗಳ ಮೂಲಕ ತಲೆಮಾರುಗಳಿಂದ ಸಾಗಿಬರುವ ಈ ಜ್ಞಾನವು ಪುಸ್ತಕದ ಪುಟಕ್ಕೆ ಏರುವಾಗ ಕೆಲವನ್ನು ಕಳೆದುಕೊಳ್ಳುತ್ತದೆ, ಕೆಲವನ್ನು ಪಡೆಯುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಅಡುಗೆಯ ಇತಿಹಾಸವೂ ಇದಕ್ಕೆ ಹೊರತಲ್ಲ. ಅಲ್ಲಿ 1796 ಮತ್ತು 1881ರಲ್ಲಿ ಅಚ್ಚಾದ ಎರಡು ಪುಸ್ತಕಗಳು, ಬರೆಯಲಾರದವರ ಅರಿವನ್ನು ಬರೆಯಬಲ್ಲವರ ಕೈ ಹೇಗೆ ದಾಖಲಿಸಿತು ಎಂಬುದನ್ನು ತೋರಿಸುತ್ತವೆ.

ಅಮೆರಿಕದಲ್ಲಿ ಮೊದಲಿಗೆ ಅಚ್ಚಾದ ಅಡುಗೆ ಪುಸ್ತಕಗಳು ಇಂಗ್ಲೆಂಡಿನವೇ ಆಗಿದ್ದವು. ಎಲೈಜಾ ಸ್ಮಿತ್ ಅವರ ಇಂಗ್ಲಿಷ್ ಕೃತಿಯನ್ನು 1742ರಲ್ಲಿ ವಿಲಿಯಮ್ಸ್‌ಬರ್ಗ್‌ನಲ್ಲಿ ಮರುಮುದ್ರಿಸಲಾಯಿತು. ಅಮೆರಿಕದವರೇ ರಚಿಸಿದ ಮೊದಲ ಅಡುಗೆ ಪುಸ್ತಕವೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ಅಮೀಲಿಯಾ ಸಿಮನ್ಸ್ ಅವರ 'ಅಮೆರಿಕನ್ ಕುಕರಿ' 1796ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಪ್ರಕಟವಾಯಿತು. ಮುಖಪುಟದಲ್ಲಿ ಅವರು ತಮ್ಮನ್ನು ಒಬ್ಬ ಅನಾಥೆಯೆಂದು ಹೇಳಿಕೊಂಡಿದ್ದಾರೆ. ಮೂಲನಿವಾಸಿಗಳ ಬೆಳೆಯಾದ ಮೆಕ್ಕೆಜೋಳದ ಹಿಟ್ಟಿನಿಂದ ಮಾಡುವ ಪುಡಿಂಗ್ ಮತ್ತು ರೊಟ್ಟಿಗಳು, ಟರ್ಕಿ ಕೋಳಿಯೊಡನೆ ಬಡಿಸುವ ಕ್ರ್ಯಾನ್‌ಬೆರಿ ವ್ಯಂಜನ ಇದರಲ್ಲಿವೆ. 'ಕುಕಿ', 'ಸ್ಲಾ' ಎಂಬ ಡಚ್ ಮೂಲದ ಪದಗಳೂ ಇಲ್ಲಿ ಕಾಣಸಿಗುತ್ತವೆ. ಇಂಗ್ಲಿಷ್ ಗ್ರಂಥಗಳಲ್ಲಿ ಇಲ್ಲದಿದ್ದ ಜನಬಳಕೆಯ ಊಟ ಹೀಗೆ ಅಚ್ಚಿಗೆ ಬಂದಿತು. ಈ ಕೃತಿಯ ತಿದ್ದುಪಡಿಯ ಟಿಪ್ಪಣಿ ಕುತೂಹಲಕರವಾಗಿದೆ. ಹಸ್ತಪ್ರತಿಯನ್ನು ಸಿದ್ಧಪಡಿಸುವಷ್ಟು ವಿದ್ಯೆ ಲೇಖಕಿಗೆ ಇರಲಿಲ್ಲವೆಂದೂ, ಆ ಕೆಲಸಕ್ಕೆ ನೇಮಿಸಿದವರು ಕೆಲವನ್ನು ಬಿಟ್ಟು, ಕೆಲವನ್ನು ತಪ್ಪಾಗಿ ಸೇರಿಸಿದರೆಂದೂ ಅದು ದೂರುತ್ತದೆ. ಎಂದರೆ ಅಮೆರಿಕದ ಅಡುಗೆ ಸಾಹಿತ್ಯದ ಮೊದಲ ಪಠ್ಯದಲ್ಲಿಯೇ ನುಡಿದವರಿಗೂ ಬರೆದವರಿಗೂ ನಡುವಿನ ಜಗಳ ದಾಖಲಾಗಿದೆ.

ದಕ್ಷಿಣದ ರಾಜ್ಯಗಳಲ್ಲಿ ಈ ಅಂತರ ಇನ್ನೂ ಆಳವಾಗಿತ್ತು. ಹದಿನೇಳನೆಯ ಶತಮಾನದ ಕೊನೆಯಿಂದ ಕ್ಯಾರೊಲಿನದ ಕರಾವಳಿಯಲ್ಲಿ ಬೆಳೆದ ಭತ್ತ ತೋಟದ ಒಡೆಯರನ್ನು ಸಿರಿವಂತರನ್ನಾಗಿಸಿತು. ಈ ಬೇಸಾಯಕ್ಕೆ ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಅರಿವು ಎಷ್ಟರಮಟ್ಟಿಗೆ ಆಧಾರವಾಗಿತ್ತು ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೆ ಮರದ ಒರಳಿನಲ್ಲಿ ಒನಕೆಯಿಂದ ಕುಟ್ಟಿ, ಹುಲ್ಲಿನಿಂದ ಹೆಣೆದ ಮೊರದಲ್ಲಿ ಕೇರಿ ಅಕ್ಕಿ ಮಾಡಿದ ಕೈಗಳು ಅವರವೇ ಎಂಬುದು ನಿರ್ವಿವಾದ. ಒಡೆಯರ ಮನೆಯ ಒಲೆಯ ಮುಂದೆ ನಿಂತವರೂ ಅವರೇ. ಅಲಸಂದೆ ಜಾತಿಯ ಕಾಳನ್ನು ಅಕ್ಕಿಯೊಡನೆ ಬೇಯಿಸುವ 'ಹಾಪಿನ್ ಜಾನ್' ಮತ್ತು ಬೆಂಡೆಕಾಯಿಯ 'ಗಂಬೊ' ಈ ಹಿನ್ನೆಲೆಯವು. ಗಂಬೊ ಎಂಬ ಹೆಸರೇ ಬೆಂಡೆಕಾಯಿಗಿರುವ ಆಫ್ರಿಕದ ಬಂಟು ಭಾಷೆಗಳ ಪದದಿಂದ ಬಂದುದೆಂದು ಹೇಳಲಾಗುತ್ತದೆ. ಬೆಂಡೆಕಾಯಿಯ ಲೋಳೆ ಹೋಗಲೆಂದು ಹುಳಿ ಸೇರಿಸುವುದು ಕನ್ನಡದ ಅಡುಗೆಮನೆಗಳ ರೂಢಿ. ಗಂಬೊದಲ್ಲಿ ಆ ಲೋಳೆಯೇ ಸಾರನ್ನು ಮಂದಗೊಳಿಸುವ ಗುಣ. ಸಿಗಡಿಯನ್ನೋ ಮಾಂಸವನ್ನೋ ಸೇರಿಸಿ ಕುದಿಸಿದ ಆ ಸಾರನ್ನು ಬಿಸಿ ಅನ್ನದ ಜೊತೆ ಉಣ್ಣುತ್ತಾರೆ. 1847ರಲ್ಲಿ ಚಾರ್ಲ್‌ಸ್ಟನ್‌ನ ಸಾರಾ ರಟ್ಲೆಜ್ ತಮ್ಮ ಹೆಸರನ್ನು ಮರೆಮಾಡಿ ಪ್ರಕಟಿಸಿದ ಅಡುಗೆ ಪುಸ್ತಕದಲ್ಲಿ ಹಾಪಿನ್ ಜಾನ್ ಇದೆ. ಅಂತಹ ಮನೆಗಳಲ್ಲಿ ಅದನ್ನು ಬೇಯಿಸುತ್ತಿದ್ದವರ ಹೆಸರಿಲ್ಲ.

ಇದು ಆಕಸ್ಮಿಕವಲ್ಲ. ದಕ್ಷಿಣ ಕ್ಯಾರೊಲಿನವು 1740ರ ಕಾಯಿದೆಯಿಂದ ಗುಲಾಮರಿಗೆ ಬರವಣಿಗೆ ಕಲಿಸುವುದನ್ನು ನಿಷೇಧಿಸಿತ್ತು. 1834ರಲ್ಲಿ ಓದು ಕಲಿಸುವುದನ್ನೂ ಅಪರಾಧವೆಂದು ಸಾರಿತು. ಆ ರಾಜ್ಯದಲ್ಲಿ 1830ರ ದಶಕದ ಆರಂಭದ ಸುಮಾರಿಗೆ ಹುಟ್ಟಿದ ಆ್ಯಬಿ ಫಿಶರ್ ಅವರಿಗೆ ಅಕ್ಷರ ದಕ್ಕಲಿಲ್ಲ. ಗುಲಾಮಗಿರಿ ರದ್ದಾದ ಬಳಿಕ ಅವರು ಅಲಬಾಮದಿಂದ ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿದರು. 1879ರ ಸ್ಯಾಕ್ರಮೆಂಟೊ ಮೇಳದಲ್ಲಿ ಪ್ರಶಸ್ತಿಪತ್ರವನ್ನೂ, 1880ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೇಳದಲ್ಲಿ ಉಪ್ಪಿನಕಾಯಿ, ಸಾಸ್, ಜೆಲ್ಲಿಗಳಿಗಾಗಿ ಎರಡು ಪದಕಗಳನ್ನೂ ಪಡೆದರು. 1881ರಲ್ಲಿ ಅವರ ಪುಸ್ತಕ ಹೊರಬಂದಿತು. ತಮಗಾಗಲಿ ಪತಿಗಾಗಲಿ ಓದುಬರಹ ಬಾರದು ಎಂದು ಮುನ್ನುಡಿಯಲ್ಲಿ ಅವರು ಸಂಕೋಚವಿಲ್ಲದೆ ಹೇಳಿದ್ದಾರೆ. ಮೂವತ್ತೈದು ವರ್ಷಗಳಿಗೂ ಮೀರಿದ ತಮ್ಮ ಅನುಭವವನ್ನು ಅವರು ಬಾಯಲ್ಲಿ ನುಡಿದರು, ಬೇರೆಯವರು ಬರೆದುಕೊಂಡರು.

ಹೀಗೆ ಬರೆದುಕೊಂಡವರಿಗೆ ದಕ್ಷಿಣದ ಉಚ್ಚಾರಣೆ ಎಲ್ಲ ಕಡೆಯೂ ತಿಳಿದಂತಿಲ್ಲ. ಮೆಕ್ಕೆಜೋಳ ಮತ್ತು ಬೀನ್ಸ್ ಕಾಳುಗಳ 'ಸಕೊಟ್ಯಾಶ್' ಪುಸ್ತಕದಲ್ಲಿ 'ಸರ್ಕಿಟ್ ಹ್ಯಾಶ್' ಆಗಿದೆ. ಲೂಯಿಸಿಯಾನದ 'ಜಂಬಲಾಯ' ಎಂಬ ಅನ್ನದ ಅಡುಗೆ 'ಜಂಬರ್ಲಿ' ಆಗಿದೆ. ಗ್ರಂಥ ಸಂಪಾದನೆಯ ದೃಷ್ಟಿಯಲ್ಲಿ ಇವು ಅಪಪಾಠಗಳು. ಜಾನಪದ ಅಧ್ಯಯನದ ದೃಷ್ಟಿಯಲ್ಲಿ ಇವೇ ಅಮೂಲ್ಯ ಆಕರಗಳು. ಸಕೊಟ್ಯಾಶ್ ಎಂಬ ಪದವೂ ಮೂಲನಿವಾಸಿ ನ್ಯಾರಗ್ಯಾನ್ಸೆಟ್ ಜನರ ಬಾಯಿಂದ ಇಂಗ್ಲಿಷರ ಕಿವಿಗೆ ಬಿದ್ದು ರೂಪ ಬದಲಿಸಿದುದೇ. ಒಂದೇ ಅಡುಗೆಯ ಹೆಸರು ಎರಡು ಬಾರಿ ಕಿವಿಯಿಂದ ಬರಹಕ್ಕೆ ದಾಟಿದೆ. ಪುಸ್ತಕದ ಕೊನೆಯಲ್ಲಿ ಹಸುಗೂಸುಗಳ ಗಂಜಿಯ ವಿಧಾನವಿದ್ದು, ಹನ್ನೊಂದು ಮಕ್ಕಳನ್ನು ಹೆತ್ತು ಇದರಿಂದಲೇ ಸಾಕಿದೆನೆಂದು ಫಿಶರ್ ತಿಳಿಸುತ್ತಾರೆ. ಇಲ್ಲಿ ಪಾಕವಿಧಾನವು ಆತ್ಮಕಥನವೂ ಆಗಿದೆ.

ಈ ಪುಸ್ತಕ ದೀರ್ಘಕಾಲ ಮರೆಯಲ್ಲಿದ್ದು, 1995ರಲ್ಲಿ ಕ್ಯಾರೆನ್ ಹೆಸ್ ಅವರ ಟಿಪ್ಪಣಿಗಳೊಡನೆ ಮರುಮುದ್ರಣಗೊಂಡಿತು. ಕಪ್ಪು ಮಹಿಳೆಯೊಬ್ಬರ ಮೊದಲ ಅಡುಗೆ ಪುಸ್ತಕ ಇದೇ ಎಂದು ಆಗ ಭಾವಿಸಲಾಗಿತ್ತು. ಮುಂದೆ, 1866ರಲ್ಲಿ ಮಿಷಿಗನ್‌ನಲ್ಲಿ ಅಚ್ಚಾದ ಮಲಿಂಡ ರಸೆಲ್ ಅವರ ಕೃತಿ ಬೆಳಕಿಗೆ ಬಂದು ಆ ಅಭಿಪ್ರಾಯ ಬದಲಾಯಿತು. ರಸೆಲ್ ತಮಗೆ ಅಡುಗೆ ಕಲಿಸಿದವರು ವರ್ಜೀನಿಯಾದ ಫ್ಯಾನಿ ಸ್ಟೀವರ್ಡ್ ಎಂಬ ಕಪ್ಪು ಅಡುಗೆಯಾಕೆಯೆಂದು ದಾಖಲಿಸಿದ್ದಾರೆ. 1847ರ ಕೃತಿ ಹೇಳದೆ ಉಳಿಸಿದ ಹೆಸರುಗಳ ಎದುರು ಈ ಒಂದು ಹೆಸರಿನ ತೂಕ ದೊಡ್ಡದು. ಅಮೆರಿಕದ ಊಟದ ಸವಿಯನ್ನು ಬಣ್ಣಿಸುವ ಇತಿಹಾಸವು ಅದನ್ನು ಬರೆದವರ ಹೆಸರಿನೊಡನೆ ನುಡಿದವರ, ಕಲಿಸಿದವರ ಹೆಸರನ್ನೂ ಹುಡುಕಿದಾಗ ಮಾತ್ರ ಪೂರ್ಣವಾಗುತ್ತದೆ.