ಜ್ವರಗುಳ್ಳೆಯ ಚರಿತ್ರೆ

ಊರೂರುಗಳನ್ನೇ ಬರಿದುಮಾಡಿದ ಮಹಾಮಾರಿಗಳ ಚರಿತ್ರೆಯನ್ನು ಬರೆದವರು ಬಹುಮಂದಿ. ಕೊಲ್ಲದೆ, ಆದರೆ ಬಿಡದೆ, ಸಹಸ್ರಾರು ವರ್ಷಗಳಿಂದ ಮನುಷ್ಯನ ತುಟಿಯಂಚಿನಲ್ಲಿ ನಿಂತು ಕಾಡಿದ ಒಂದು ಕಿರುಗುಳ್ಳೆಯ ಚರಿತ್ರೆಯ ಕಡೆಗೆ ಕಣ್ಣು ಹಾಯಿಸಿದವರು ವಿರಳ. ಜ್ವರ ಇಳಿಯುವ ಹೊತ್ತಿನಲ್ಲಾಗಲಿ, ಬಿರುಬಿಸಿಲಿನಲ್ಲಿ ದಣಿದ ಮರುದಿನವಾಗಲಿ, ನಿದ್ದೆಗೆಟ್ಟು ಮನಸ್ಸು ಕುಗ್ಗಿದ ದಿನಗಳಲ್ಲಾಗಲಿ, ತುಟಿಯ ಒಂದು ಬದಿ ಮೊದಲು ಚುರುಗುಟ್ಟಿ, ಬಳಿಕ ಕೆಂಪೇರಿ, ನೀರು ತುಂಬಿದ ಸಣ್ಣ ಗುಳ್ಳೆಗಳ ಗೊಂಚಲಾಗಿ ಎದ್ದು, ಒಡೆದು, ಹಕ್ಕಳೆಗಟ್ಟಿ, ವಾರ ಹತ್ತು ದಿನಗಳಲ್ಲಿ ಕಲೆಯನ್ನೂ ಉಳಿಸದೆ ಮಾಯುವ ಈ ವ್ಯಾಧಿಗಾಗಿ ವೈದ್ಯನ ಮನೆಯ ಕದ ತಟ್ಟಿದವರು ಕಡಿಮೆ. ಆದುದರಿಂದ ಇದರ ಚಿಕಿತ್ಸೆಯ ಚರಿತ್ರೆ ಬಹುಮಟ್ಟಿಗೆ ಅಡುಗೆಮನೆಯ ಚರಿತ್ರೆಯೇ ಆಗಿದೆ.

ಶಾಸ್ತ್ರಜ್ಞರು ಇದನ್ನು ಗಮನಿಸಲಿಲ್ಲವೆಂದಲ್ಲ. ಸುಶ್ರುತಸಂಹಿತೆಯು ನಿದಾನಸ್ಥಾನದಲ್ಲಿ ಮುಖರೋಗಗಳನ್ನು ವಿವರಿಸುತ್ತ ಓಷ್ಠರೋಗಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಪಿತ್ತದಿಂದ ಹುಟ್ಟಿದುದನ್ನು ಸಾಸಿವೆಯ ಕಾಳುಗಳಂತಹ ಪಿಡಕೆಗಳು ಕಿಕ್ಕಿರಿದು, ಉರಿಯೂ ಪಾಕವೂ ಸ್ರಾವವೂ ಕೂಡಿದ ವಿಕಾರವೆಂದು ವರ್ಣಿಸಿದೆ. ಇದು ಇಂದಿನ ಜ್ವರಗುಳ್ಳೆಯೇ ಎಂದು ನಿಶ್ಚಯವಾಗಿ ಹೇಳುವುದು ಸಾಹಸವಾದೀತು. ಆದರೆ ವರ್ಣನೆಯ ಸಾಮ್ಯವನ್ನು ಕಂಡ ಯಾರಿಗಾದರೂ ಆ ಪ್ರಾಚೀನರ ಕಣ್ಣಿನ ತೀಕ್ಷ್ಣತೆಯ ಬಗ್ಗೆ ಗೌರವ ಮೂಡದಿರದು. ಅವರು ವಿಧಿಸಿದ ಚಿಕಿತ್ಸೆಯಾದರೋ ಜಿಗಣೆ ಹಚ್ಚಿ ರಕ್ತವನ್ನು ತೆಗೆಸುವುದು. ನಮ್ಮ ಗೃಹಿಣಿಯರು ಅಷ್ಟು ದೂರ ಹೋಗಲಿಲ್ಲವೆಂಬುದು ಸಂತೋಷದ ಸಂಗತಿ.

ಅವರು ಶಾಸ್ತ್ರದಿಂದ ಪಿತ್ತದ ಕಲ್ಪನೆಯನ್ನು ಮಾತ್ರ ಉಳಿಸಿಕೊಂಡು, ಅದನ್ನು ‘ಉಷ್ಣ’ವೆಂಬ ಮನೆಮಾತಿಗೆ ಇಳಿಸಿಕೊಂಡರು. ದೇಹದೊಳಗಿನ ಉಷ್ಣವು ತುಟಿಯಲ್ಲಿ ಒಡೆಯಿತೆಂದು ಬಗೆದುದರಿಂದ ಒಳಗೆ ಎಳನೀರು, ನೀರುಮಜ್ಜಿಗೆ, ಕೊತ್ತಂಬರಿ ಜೀರಿಗೆಯ ಕಷಾಯ. ಹೊರಗೆ ಸಾಣೆಕಲ್ಲಿನ ಮೇಲೆ ತೇದ ಶ್ರೀಗಂಧ, ಉಪ್ಪಿಲ್ಲದ ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ, ಜೇನು, ಹಿತ್ತಿಲಲ್ಲಿ ಲೋಳೆಸರವಿದ್ದರೆ ಅದರ ಲೋಳೆ. ಕಾರಣದ ಊಹೆ ತಪ್ಪಾಗಿದ್ದರೂ ಕ್ರಮದಲ್ಲಿ ವಿವೇಕವಿದ್ದಿತು. ಒಣಗಿ ಬಿರಿಯುವ ಹಕ್ಕಳೆಯನ್ನು ಜಿಡ್ಡು ಮೃದುವಾಗಿರಿಸುತ್ತದೆ, ತಂಪು ಉರಿಯನ್ನು ಶಮನಗೊಳಿಸುತ್ತದೆ, ಖಾರ ಹುಳಿಗಳ ಪಥ್ಯದಿಂದ ನೋವು ಕೆರಳದು; ಎಲ್ಲಕ್ಕಿಂತ ಮುಖ್ಯವಾಗಿ, ಕೈಯಿಂದ ಕೆದಕಬೇಡವೆಂಬ ಹಿರಿಯರ ಗದರಿಕೆಯು ಎರಡನೆಯ ಸೋಂಕನ್ನು ತಡೆಯುತ್ತದೆ. ಅಲ್ಲಲ್ಲಿ ಸುಣ್ಣವನ್ನೋ ಉಪ್ಪನ್ನೋ ಹಚ್ಚಿ ಸುಡಿಸಿಕೊಳ್ಳುವ ಪದ್ಧತಿಯೂ ಇದ್ದಿತು; ಅದು ಹುಣ್ಣನ್ನು ಬೆಳೆಸುವುದೇ ಹೊರತು ಗುಣಪಡಿಸುವುದಲ್ಲ.

ಪಶ್ಚಿಮದಲ್ಲಿಯೂ ಅವಲೋಕನವು ಪ್ರಾಚೀನವೇ. ಕ್ರಿಸ್ತಶಕ 100ರ ಸುಮಾರಿಗೆ ರೋಮಿನಲ್ಲಿದ್ದ ಹೆರೊಡೋಟಸ್ ಎಂಬ ವೈದ್ಯನು (ಇವನು ಅದೇ ಹೆಸರಿನ ಇತಿಹಾಸಕಾರನಲ್ಲ) ಜ್ವರ ತಿರುಗುವ ಘಟ್ಟದಲ್ಲಿ ಬಾಯಿಯ ಸುತ್ತ ಏಳುವ ಗುಳ್ಳೆಗಳನ್ನು ಗುರುತಿಸಿದ್ದನು. ಟೈಬೀರಿಯಸ್ ಚಕ್ರವರ್ತಿಯು ಈ ಹುಣ್ಣಿಗೆ ಅಂಜಿ ಚುಂಬನವನ್ನೇ ನಿಷೇಧಿಸಿದನೆಂಬ ಕಥೆ ಅನೇಕ ಗ್ರಂಥಗಳಲ್ಲಿದೆ. ರೋಮಿನ ಚರಿತ್ರಕಾರ ಸ್ಯುಟೋನಿಯಸನು ಹೇಳುವುದು ಇಷ್ಟೆ: ಪ್ರತಿನಿತ್ಯ ಪರಸ್ಪರ ಮುತ್ತಿಡುವ ಶಿಷ್ಟಾಚಾರವನ್ನು ಅವನು ಶಾಸನದಿಂದ ತಡೆದನು. ಅದೇ ಕಾಲದಲ್ಲಿ ಮುತ್ತಿನಿಂದ ಹರಡಿದುದೆಂದು ರೋಮಿನ ಲೇಖಕ ಪ್ಲಿನಿಯು ಬರೆದಿರುವ ಮುಖರೋಗವು ಗದ್ದದಿಂದ ಹೊರಟು ಮುಖವನ್ನೆಲ್ಲ ವ್ಯಾಪಿಸುವಂಥದು. ಜ್ವರಗುಳ್ಳೆಗೆ ಅದು ಹೊಂದುವುದಿಲ್ಲ. ಕಥೆ ರುಚಿಕರವಾದರೂ ಚರಿತ್ರೆಯೆಂದು ಅದನ್ನು ನಾನು ಒಪ್ಪಲಾರೆ.

ಜ್ವರದೊಡನೆ ಬರುವುದನ್ನು ಎಲ್ಲರೂ ಕಂಡಿದ್ದರು. ಒಬ್ಬರಿಂದೊಬ್ಬರಿಗೆ ಅಂಟುವುದನ್ನು ಯಾರೂ ಸಾಧಿಸಿ ತೋರಿಸಿರಲಿಲ್ಲ. 1873ರಲ್ಲಿ ಫ್ರಾನ್ಸಿನ ಎಮಿಲ್ ವಿದಾಲ್ ಗುಳ್ಳೆಯ ರಸದಿಂದ ರೋಗವು ಮನುಷ್ಯನಿಂದ ಮನುಷ್ಯನಿಗೆ ದಾಟಬಲ್ಲುದೆಂದು ತೋರಿಸಿದನು. 1919ರಲ್ಲಿ ಲೋವೆನ್‌ಸ್ಟೈನ್ ಅದೇ ರಸವನ್ನು ಮೊಲದ ಕಣ್ಣಿಗೆ ಸೋಂಕಿಸಿ ಅಲ್ಲಿಯೂ ವ್ಯಾಧಿಯನ್ನು ಕಂಡನು. ಆದರೆ ಗೂಢವಾದ ಪ್ರಶ್ನೆ ಹಾಗೆಯೇ ಉಳಿದಿದ್ದಿತು: ಸಂಪೂರ್ಣವಾಗಿ ಮಾಯ್ದ ಹುಣ್ಣು ತಿಂಗಳುಗಳ ಬಳಿಕ, ಹೊಸ ಸೋಂಕಿಲ್ಲದೆಯೇ, ಅದೇ ತುಟಿಯ ಅದೇ ಸ್ಥಳದಲ್ಲಿ ಮತ್ತೆ ಏಕೆ ಏಳಬೇಕು? ಮುಖಕ್ಕೆ ಸ್ಪರ್ಶಜ್ಞಾನವನ್ನು ಕೊಡುವ ನರದ ಬುಡದಲ್ಲಿ, ಕಿವಿಯ ಮುಂಭಾಗದ ನೇರಕ್ಕೆ ಕಪಾಲದೊಳಗಿರುವ ಗ್ರಂಥಿಯಲ್ಲಿ, ಈ ರೋಗದ ವೈರಾಣುವು ಅಡಗಿರಬೇಕೆಂದು ಅಮೆರಿಕದ ಗುಡ್‌ಪಾಶ್ಚರ್ 1929ರಲ್ಲಿ ತರ್ಕಿಸಿದನು. ಆ ನರದ ಬೇರನ್ನು ಶಸ್ತ್ರಕ್ರಿಯೆಯಿಂದ ಕತ್ತರಿಸಿದ ರೋಗಿಗಳಲ್ಲಿ ಕೆಲವೇ ದಿನಗಳಲ್ಲಿ ತುಟಿಯ ಗುಳ್ಳೆ ಏಳುವುದನ್ನು 1952ರಲ್ಲಿ ಕಾರ್ಟನ್ ಮತ್ತು ಕಿಲ್ಬೋರ್ನ್ ವರದಿಮಾಡಿದರು. ಊಹೆಯು ಸಿದ್ಧಾಂತವಾಗಲು 1970ರ ದಶಕದ ಮೊದಲ ವರ್ಷಗಳೇ ಬೇಕಾದವು. ಆಗ, ಮರಣಾನಂತರ ತೆಗೆದ ಮಾನವ ನರಗ್ರಂಥಿಗಳಿಂದಲೇ ಆ ವೈರಾಣುವನ್ನು ಬೆಳೆಸಿ ತೆಗೆಯಲಾಯಿತು. ‘ಒಳಗಿದ್ದುದು ಹೊರಗೆ ಬಂತು’ ಎಂದು ನಮ್ಮ ಅಜ್ಜಿಯಂದಿರು ನುಡಿಯುತ್ತಿದ್ದುದು ಇಷ್ಟರಮಟ್ಟಿಗೆ ನಿಜವೇ ಆಯಿತು. ಒಳಗಿದ್ದುದು ಮಾತ್ರ ಉಷ್ಣವಲ್ಲ.

ಇಷ್ಟು ತಿಳಿದ ಬಳಿಕವೂ ವೈದ್ಯರು ಕತ್ತಲಲ್ಲಿ ತಡವರಿಸಿದುದುಂಟು. ಮರುಕಳಿಸುವ ಗುಳ್ಳೆಯನ್ನು ತಡೆಯಲೆಂದು ಸಿಡುಬಿನ ದೇವಿ ಹಾಕುವ ಲಸಿಕೆಯನ್ನೇ ಮತ್ತೆ ಮತ್ತೆ ಚುಚ್ಚಿದರು. ಹುಣ್ಣಿಗೆ ಬಣ್ಣ ಹಚ್ಚಿ ಬೆಳಕಿಗೆ ಒಡ್ಡಿದರು. ಕ್ರಮಬದ್ಧವಾದ ಪರೀಕ್ಷೆಯಲ್ಲಿ ಎರಡೂ ನಿಲ್ಲಲಿಲ್ಲ. ವೈರಾಣುವಿನ ವೃದ್ಧಿಯನ್ನೇ ಹಿಡಿದು ನಿಲ್ಲಿಸುವ ಅಸೈಕ್ಲೊವಿರ್ ಔಷಧವು 1970ರ ದಶಕದಲ್ಲಿ ಸಿದ್ಧವಾಯಿತು. ಅದರ ಸಂಶೋಧನೆಯಲ್ಲಿ ಅಗ್ರಗಣ್ಯಳಾದ ಗರ್ಟ್ರೂಡ್ ಎಲಿಯನ್‌ಗೆ 1988ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಆದರೆ ಅದೂ ನರಗ್ರಂಥಿಯಲ್ಲಿ ಮಲಗಿರುವ ವೈರಾಣುವನ್ನು ಹೊರಗಟ್ಟಲಾರದು. ಚುರುಗುಟ್ಟುವ ಮೊದಲ ಹಂತದಲ್ಲಿಯೇ ಪ್ರಯೋಗಿಸಿದರೆ ಬಾಧೆಯ ದಿನಗಳನ್ನು ತುಸು ಕಡಿಮೆ ಮಾಡಬಲ್ಲುದು, ಅಷ್ಟೆ. ನ್ಯೂಜಿಲೆಂಡಿನ ಔಷಧದಂಗಡಿಗಳ ಮೂಲಕ ಸುಮಾರು 950 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಆ ನಾಡಿನ ಕಾನೂಕಾ ಜೇನಿನ ಲೇಪಕ್ಕೂ ಅಸೈಕ್ಲೊವಿರ್ ಲೇಪಕ್ಕೂ ಗುಣವಾಗುವ ಅವಧಿಯಲ್ಲಿ ಗಣನೀಯವಾದ ವ್ಯತ್ಯಾಸವೇ ಕಾಣಲಿಲ್ಲ. ಇದು ಜೇನಿನ ಮಹಿಮೆಯೆನ್ನುವುದಕ್ಕಿಂತ, ಹುಣ್ಣು ತನ್ನ ಕಾಲವನ್ನು ತಾನೇ ಮುಗಿಸುತ್ತದೆಂಬುದಕ್ಕೆ ಸಾಕ್ಷಿಯೆಂದು ನಾನು ಭಾವಿಸುತ್ತೇನೆ.

ನಮ್ಮ ಗೃಹಾಚಾರದಲ್ಲಿ ಈ ವ್ಯಾಧಿಗೆ ನಿಜವಾಗಿ ಇದಿರಾಗಿದ್ದ ವಸ್ತುವೊಂದಿದ್ದರೆ ಅದು ಲೇಪವಲ್ಲ, ಎಂಜಲಿನ ಕಟ್ಟಳೆ. ಲೋಟವನ್ನು ಕಚ್ಚಿ ಕುಡಿಯದೆ ಎತ್ತಿ ಕುಡಿಯಬೇಕು, ಒಬ್ಬರ ಎಂಜಲನ್ನು ಮತ್ತೊಬ್ಬರು ಮುಟ್ಟಬಾರದು ಎಂಬ ನಿಯಮಗಳು ಮಡಿಯ ದೃಷ್ಟಿಯಿಂದ ಹುಟ್ಟಿದುವು, ರೋಗದ ದೃಷ್ಟಿಯಿಂದಲ್ಲ; ಆದರೂ ಬಾಯಿಯ ರಸದಿಂದ ದಾಟುವ ಸೋಂಕಿನ ಒಂದು ದಾರಿಯನ್ನು ಅವು ಕಟ್ಟಿದ್ದುವು. ಕಟ್ಟದೆ ಉಳಿದ ದಾರಿಯು ವಾತ್ಸಲ್ಯದ್ದು. ತೊಟ್ಟಿಲ ಕೂಸಿಗೆ ಮುತ್ತಿಡುವಾಗ ಯಾವ ಮಡಿಯೂ ಅಡ್ಡಬರುತ್ತಿರಲಿಲ್ಲ. ಈ ವೈರಾಣುವನ್ನು ಹೊತ್ತಿರುವ ಜನರಲ್ಲಿ (ಲೋಕದಲ್ಲಿ ಐವತ್ತು ವಯಸ್ಸಿನೊಳಗಿನವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು) ಬಹುಮಂದಿಗೆ ಅದು ಅಂಟುವುದು ಬಾಲ್ಯದಲ್ಲಿಯೇ.

ದೊಡ್ಡವರಿಗೆ ವಾರದ ಕಿರಿಕಿರಿಯಾದುದು ಹುಟ್ಟಿ ಕೆಲವೇ ವಾರಗಳಾದ ಶಿಶುವಿಗೆ ಮಾರಣಾಂತಿಕವಾಗಬಲ್ಲುದು. ಕಣ್ಣಿಗೆ ತಗಲಿದರೆ ಯಾರ ದೃಷ್ಟಿಗಾದರೂ ಅಪಾಯ. ಆದುದರಿಂದ ಓದುಗರಲ್ಲಿ ಬಿನ್ನಹವಿಷ್ಟೆ: ಗಂಧವನ್ನು ತೇಯಿರಿ, ಬೆಣ್ಣೆಯನ್ನು ಹಚ್ಚಿರಿ, ಹಚ್ಚಿದ ಕೈಯನ್ನು ತೊಳೆದುಕೊಳ್ಳಿರಿ, ಕಣ್ಣು ಕೆಂಪಾದರೆ ಅಥವಾ ಹುಣ್ಣು ಹತ್ತು ದಿನಗಳಾದರೂ ಮಾಯದಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ, ತುಟಿಯ ಹಕ್ಕಳೆ ಉದುರಿ ಚರ್ಮ ಸರಿಹೋಗುವವರೆಗೆ ಮನೆಯ ಎಳೆಯ ಕೂಸಿಗೆ ಮುತ್ತಿಡಬೇಡಿರಿ.