ನರ್ಸಿಂಗ್ ವಿದ್ಯಾರ್ಥಿಗಳ ಕ್ಲಿನಿಕಲ್ ತರಬೇತಿ ಹಾಗೂ ವಿಶೇಷ ವಿಭಾಗದ ಆಯ್ಕೆ

1. ಪೀಠಿಕೆ

ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿ ಹಾಗೂ ಮಧುಗಿರಿ, ಶಿರಾ ಮತ್ತು ಪಾವಗಡ ತಾಲ್ಲೂಕುಗಳಿಂದ ನರ್ಸಿಂಗ್ ವ್ಯಾಸಂಗಕ್ಕೆ ಅರ್ಜಿ ಸಲ್ಲಿಸಲಿಚ್ಛಿಸುವ ವಿದ್ಯಾರ್ಥಿಗಳು ಹಾಗೂ ಅವರ ಪೋಷಕರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಹೆರಿಗೆ ವಿಭಾಗ, ಶಸ್ತ್ರಚಿಕಿತ್ಸಾ ಕೊಠಡಿ, ತೀವ್ರ ನಿಗಾ ಘಟಕ ಇವುಗಳ ಪೈಕಿ ಯಾವುದರಲ್ಲಿ ಪರಿಣತಿ ಪಡೆಯಬೇಕೆಂಬುದನ್ನು ಪ್ರವೇಶದ ವೇಳೆಯೇ ತೀರ್ಮಾನಿಸುವ ಅಗತ್ಯವಿರುವುದಿಲ್ಲ. ಮೂಲ ವ್ಯಾಸಂಗದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಎಲ್ಲ ಪ್ರಮುಖ ವಿಭಾಗಗಳಲ್ಲಿ ಸರದಿಯಂತೆ ಕೆಲಸ ಮಾಡುವುದು ಕಡ್ಡಾಯ. ಈ ಸರದಿಯನ್ನು ವಿದ್ಯಾರ್ಥಿಗಳು ವಾಡಿಕೆಯಲ್ಲಿ ‘ಪೋಸ್ಟಿಂಗ್’ ಎನ್ನುತ್ತಾರೆ. ವಿಶೇಷ ವಿಭಾಗದ ಆಯ್ಕೆಯು ಪದವಿ ಅಥವಾ ಡಿಪ್ಲೊಮಾ ಪಡೆದು ನೋಂದಣಿಯಾದ ನಂತರದ ಹಂತವಾಗಿರುತ್ತದೆ. ಆದುದರಿಂದ ಪ್ರವೇಶದ ವೇಳೆ ಪರಿಶೀಲಿಸಬೇಕಾದುದು ವಿಭಾಗವನ್ನಲ್ಲ. ಸರದಿಯ ತರಬೇತಿ ಪೂರ್ಣವಾಗಿ ದೊರೆಯುವ ಸಂಸ್ಥೆಯನ್ನು.

2. ವ್ಯಾಸಂಗ ಕ್ರಮಗಳು

ಎ) ಎ.ಎನ್.ಎಂ. – 2 ವರ್ಷ. ಇದು ಮಹಿಳೆಯರಿಗೆ ಮೀಸಲಾದ ಕೋರ್ಸು.
ಬಿ) ಜಿ.ಎನ್.ಎಂ. ಡಿಪ್ಲೊಮಾ – 3 ವರ್ಷ, ಇಂಟರ್ನ್‌ಶಿಪ್ ಸೇರಿ.
ಸಿ) ಬಿ.ಎಸ್ಸಿ. ನರ್ಸಿಂಗ್ – 4 ವರ್ಷ, 8 ಸೆಮಿಸ್ಟರುಗಳು.
ಡಿ) ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ – 2 ವರ್ಷ. ಜಿ.ಎನ್.ಎಂ. ಪೂರೈಸಿ ನೋಂದಣಿಯಾದವರಿಗೆ.

ಜಿ.ಎನ್.ಎಂ. ಮತ್ತು ಬಿ.ಎಸ್ಸಿ. ವ್ಯಾಸಂಗಗಳಿಗೆ ಯುವಕರೂ ಅರ್ಜಿ ಸಲ್ಲಿಸಬಹುದು. ರಾಜ್ಯದಲ್ಲಿ ಬಿ.ಎಸ್ಸಿ. ಪದವಿಯನ್ನು 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜುಗಳಲ್ಲಿ ಪಡೆಯಬಹುದಾಗಿದೆ. ಜಿ.ಎನ್.ಎಂ. ಪರೀಕ್ಷೆಗಳನ್ನು ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯು ನಡೆಸುತ್ತದೆ.

3. ಬಿ.ಎಸ್ಸಿ. ನರ್ಸಿಂಗ್: ಸರದಿಯ ಕ್ರಮ

ಭಾರತೀಯ ಶುಶ್ರೂಷಾ ಪರಿಷತ್ತಿನ ಪರಿಷ್ಕೃತ ಪಠ್ಯಕ್ರಮವು 2021ರಲ್ಲಿ ರಾಜಪತ್ರದಲ್ಲಿ ಪ್ರಕಟವಾಗಿರುತ್ತದೆ. ಅದರನ್ವಯ ಕ್ಲಿನಿಕಲ್ ತರಬೇತಿಯ ಒಂದು ಕ್ರೆಡಿಟ್ ಎಂದರೆ 80 ಗಂಟೆಗಳ ಕೆಲಸ. ಸರದಿಯು ಈ ಕೆಳಕಂಡಂತೆ ಇರುತ್ತದೆ.

1 ಮತ್ತು 2ನೇ ಸೆಮಿಸ್ಟರ್: ಶುಶ್ರೂಷೆಯ ಮೂಲತತ್ವಗಳು. ಹಾಸಿಗೆ ಸಿದ್ಧಪಡಿಸುವುದು, ರೋಗಿಯ ಶುಚಿತ್ವ, ನಾಡಿ, ಉಷ್ಣತೆ ಹಾಗೂ ರಕ್ತದೊತ್ತಡದ ದಾಖಲೆ, ಪ್ರಥಮ ಚಿಕಿತ್ಸೆ, ಆರೋಗ್ಯ ತಪಾಸಣೆ.

3 ಮತ್ತು 4ನೇ ಸೆಮಿಸ್ಟರ್: ವಯಸ್ಕರ ಶುಶ್ರೂಷೆ. ಪ್ರತಿ ಸೆಮಿಸ್ಟರಿನಲ್ಲಿ 480 ಗಂಟೆಗಳ ಕ್ಲಿನಿಕಲ್ ತರಬೇತಿ. ಸಾಮಾನ್ಯ ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸಾ ವಾರ್ಡುಗಳು, ಹೃದ್ರೋಗ, ಮೂಳೆ, ನರರೋಗ, ಮೂತ್ರಪಿಂಡ, ಕ್ಯಾನ್ಸರ್, ಸುಟ್ಟಗಾಯ, ತುರ್ತು ಚಿಕಿತ್ಸೆ, ತೀವ್ರ ನಿಗಾ ಘಟಕಗಳು ಈ ಹಂತದಲ್ಲಿ ಬರುತ್ತವೆ.

5ನೇ ಸೆಮಿಸ್ಟರ್: ಮಕ್ಕಳ ಶುಶ್ರೂಷೆ, ಮಾನಸಿಕ ಆರೋಗ್ಯ ಶುಶ್ರೂಷೆ ಮತ್ತು ಸಮುದಾಯ ಆರೋಗ್ಯ ಶುಶ್ರೂಷೆಯ ಮೊದಲ ಭಾಗ.

6ನೇ ಸೆಮಿಸ್ಟರ್: ಮಕ್ಕಳ ಹಾಗೂ ಮಾನಸಿಕ ಆರೋಗ್ಯ ಶುಶ್ರೂಷೆಯ ಎರಡನೆಯ ಭಾಗ, ಪ್ರಸೂತಿ ಮತ್ತು ಸ್ತ್ರೀರೋಗ ಶುಶ್ರೂಷೆಯ ಮೊದಲ ಭಾಗ.

7ನೇ ಸೆಮಿಸ್ಟರ್: ಸಮುದಾಯ ಆರೋಗ್ಯ ಹಾಗೂ ಪ್ರಸೂತಿ ಶುಶ್ರೂಷೆಯ ಎರಡನೆಯ ಭಾಗ.

8ನೇ ಸೆಮಿಸ್ಟರ್: 22 ವಾರಗಳ ಇಂಟರ್ನ್‌ಶಿಪ್, ವಾರಕ್ಕೆ 48 ಗಂಟೆಗಳಂತೆ. ವಯಸ್ಕರ ಶುಶ್ರೂಷೆಗೆ 6 ವಾರ; ಸಮುದಾಯ ಆರೋಗ್ಯ, ಮಕ್ಕಳ, ಮಾನಸಿಕ ಆರೋಗ್ಯ ಮತ್ತು ಪ್ರಸೂತಿ ಶುಶ್ರೂಷೆಗೆ ತಲಾ 4 ವಾರ.

ಜಿ.ಎನ್.ಎಂ. ವ್ಯಾಸಂಗದಲ್ಲಿ ಮೊದಲ ವರ್ಷ ಮೂಲತತ್ವಗಳು ಹಾಗೂ ಸಮುದಾಯ ಆರೋಗ್ಯ, ಎರಡನೆಯ ವರ್ಷ ವಯಸ್ಕರ, ಮಾನಸಿಕ ಆರೋಗ್ಯ ಮತ್ತು ಮಕ್ಕಳ ಶುಶ್ರೂಷೆ, ಮೂರನೆಯ ವರ್ಷ ಪ್ರಸೂತಿ, ಸಮುದಾಯ ಆರೋಗ್ಯ ಹಾಗೂ ಇಂಟರ್ನ್‌ಶಿಪ್ ಇರುತ್ತವೆ.

4. ಹಾಜರಾತಿ ಮತ್ತು ಲಾಗ್ ಬುಕ್

ಬಿ.ಎಸ್ಸಿ. ವ್ಯಾಸಂಗದಲ್ಲಿ ತರಗತಿ ಪಾಠಗಳಿಗೆ ಕನಿಷ್ಠ ಶೇ. 80 ಹಾಜರಾತಿ ಇದ್ದಲ್ಲಿ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಆದರೆ ಪದವಿ ಪ್ರದಾನಕ್ಕೆ ಮುನ್ನ ಕ್ಲಿನಿಕಲ್ ತರಬೇತಿಯ ಪ್ರತಿಯೊಂದು ವಿಭಾಗದಲ್ಲಿಯೂ ಶೇ. 100ರಷ್ಟು ಹಾಜರಾತಿ ಪೂರ್ಣಗೊಂಡಿರತಕ್ಕದ್ದು. ಅನಾರೋಗ್ಯ, ಮನೆಯ ಶುಭಕಾರ್ಯ ಅಥವಾ ಸುಗ್ಗಿಯ ಕಾರಣದಿಂದ ತಪ್ಪಿದ ದಿನಗಳನ್ನು ಅದೇ ವಿಭಾಗದಲ್ಲಿ ಮರಳಿ ಪೂರೈಸಬೇಕಾಗುತ್ತದೆ. ಆಗಿಂದಾಗ್ಗೆ ಪೂರೈಸದೆ ಕೊನೆಯ ಸೆಮಿಸ್ಟರಿಗೆ ಉಳಿಸಿಕೊಂಡಲ್ಲಿ ಪದವಿ, ನೋಂದಣಿ ಹಾಗೂ ಉದ್ಯೋಗ ಮೂರೂ ವಿಳಂಬವಾಗುವ ಸಂಭವವಿರುತ್ತದೆ.

ಮಾಡಿದ ಪ್ರತಿಯೊಂದು ಕಾರ್ಯವಿಧಾನವನ್ನು ಲಾಗ್ ಬುಕ್‌ನಲ್ಲಿ ನಮೂದಿಸಿ ಮೇಲ್ವಿಚಾರಕರ ಸಹಿಯನ್ನು ಅಂದೇ ಪಡೆಯುವುದು ಸೂಕ್ತ. ಮಾಡದ ಕೆಲಸವನ್ನು ನಮೂದಿಸುವುದು ಅಶಿಸ್ತು ಮಾತ್ರವಲ್ಲ. ಮುಂದೆ ಒಬ್ಬಂಟಿಯಾಗಿ ಕೆಲಸ ಮಾಡುವಾಗ ರೋಗಿಯ ಪ್ರಾಣಕ್ಕೇ ಅಪಾಯ ತರಬಹುದು.

5. ಹಳ್ಳಿಯ ಪೋಸ್ಟಿಂಗ್‌ನ ಮಹತ್ವ

ದೊಡ್ಡ ಆಸ್ಪತ್ರೆಯ ಯಂತ್ರೋಪಕರಣಗಳ ನಡುವೆ ಕಲಿತುದು ಮಾತ್ರ ನಿಜವಾದ ಕಲಿಕೆ, ಸಮುದಾಯ ಆರೋಗ್ಯದ ಪೋಸ್ಟಿಂಗ್ ಬರಿಯ ವಿರಾಮ ಎಂಬ ತಿಳಿವಳಿಕೆ ಸರಿಯಲ್ಲ. ಬಯಲು ಪ್ರದೇಶದಲ್ಲಿ ಸುಮಾರು 30,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಸಂಖ್ಯೆಗೆ ಒಂದು ಉಪಕೇಂದ್ರ ಎಂಬುದು ನಿಗದಿತ ಪ್ರಮಾಣ. ಹೋಬಳಿಯ ಬಹುಪಾಲು ಜನರಿಗೆ ಆರೋಗ್ಯ ಸೇವೆಯ ಮೊದಲ ಬಾಗಿಲು ಇದೇ ಆಗಿರುತ್ತದೆ.

ಪಾವಗಡ, ಶಿರಾ ಮತ್ತು ಮಧುಗಿರಿ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವಿರುವುದು ಬಹುಕಾಲದ ಸಮಸ್ಯೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ವರ್ಷಗಟ್ಟಲೆ ದೇಹ ಸೇರಿದಲ್ಲಿ ಹಲ್ಲಿನ ಮೇಲೆ ಕಂದು ಕಲೆ, ಕೀಲು ಹಾಗೂ ಬೆನ್ನುಮೂಳೆಯ ಬಿಗಿತ ಕಾಣಿಸಿಕೊಳ್ಳಬಹುದು. ವಾರ್ಡಿನಲ್ಲಿ ಬರಿಯ ಬೆನ್ನುನೋವೆಂದು ದಾಖಲಾಗುವ ತೊಂದರೆಯ ಮೂಲ ಮನೆಯ ಕೊಳವೆಬಾವಿಯಲ್ಲಿರಬಹುದು ಎಂಬುದು ಮನೆಭೇಟಿಯಲ್ಲಿ ತಿಳಿಯುತ್ತದೆ. ಊರಿನ ಮಾತು, ಬೆಳೆ, ನೀರಿನ ಸ್ಥಿತಿಯನ್ನು ಬಲ್ಲ ಸ್ಥಳೀಯ ವಿದ್ಯಾರ್ಥಿಗೆ ಈ ತರಬೇತಿಯಲ್ಲಿ ಸಹಜವಾದ ಅನುಕೂಲವಿದೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಕಾರ್ಯಕ್ರಮದಡಿ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳ ನೇಮಕಕ್ಕೆ ಅವಕಾಶ ಕಲ್ಪಿಸಲಾಗಿದೆ. ನಿಗದಿತ ಸಮುದಾಯ ಆರೋಗ್ಯ ತರಬೇತಿ ಪಡೆದ ನರ್ಸಿಂಗ್ ಪದವೀಧರರು ಈ ಹುದ್ದೆಗೆ ಅರ್ಹರು. 30 ವರ್ಷ ಮೇಲ್ಪಟ್ಟವರ ರಕ್ತದೊತ್ತಡ, ಮಧುಮೇಹ ಹಾಗೂ ಕೆಲವು ಬಗೆಯ ಕ್ಯಾನ್ಸರ್‌ಗಳ ತಪಾಸಣೆ ಇವರ ಕರ್ತವ್ಯಗಳಲ್ಲಿ ಸೇರಿದೆ.

6. ವಿಶೇಷ ವಿಭಾಗದಲ್ಲಿ ಪರಿಣತಿ ಪಡೆಯುವ ಮಾರ್ಗಗಳು

ಎ) ಪೋಸ್ಟ್ ಬೇಸಿಕ್ ಡಿಪ್ಲೊಮಾ: 1 ವರ್ಷ. ತೀವ್ರ ನಿಗಾ, ಕ್ಯಾನ್ಸರ್, ನವಜಾತ ಶಿಶು, ತುರ್ತು ಮತ್ತು ವಿಪತ್ತು, ಶಸ್ತ್ರಚಿಕಿತ್ಸಾ ಕೊಠಡಿ, ನರವಿಜ್ಞಾನ, ಮನೋವೈದ್ಯಕೀಯ ಮುಂತಾದ ವಿಷಯಗಳಲ್ಲಿ ಲಭ್ಯ. ನೋಂದಾಯಿತ ನರ್ಸ್‌ಗಳಿಗೆ ಮಾತ್ರ.

ಬಿ) ಎಂ.ಎಸ್ಸಿ. ನರ್ಸಿಂಗ್: 2 ವರ್ಷ. ವೈದ್ಯಕೀಯ-ಶಸ್ತ್ರಚಿಕಿತ್ಸಾ, ಪ್ರಸೂತಿ ಮತ್ತು ಸ್ತ್ರೀರೋಗ, ಮಕ್ಕಳ, ಮನೋವೈದ್ಯಕೀಯ ಹಾಗೂ ಸಮುದಾಯ ಆರೋಗ್ಯ ಶುಶ್ರೂಷೆ ಎಂಬ ಐದು ಶಾಖೆಗಳಿರುತ್ತವೆ. ಬಿ.ಎಸ್ಸಿ. ನಂತರ ಸೇವಾನುಭವವೂ ಅಗತ್ಯ.

ಬೆಂಗಳೂರಿನ ನಿಮ್ಹಾನ್ಸ್ ಮಾನಸಿಕ ಆರೋಗ್ಯ ಶುಶ್ರೂಷೆಯ ಹಿರಿಯ ಕಲಿಕಾ ಕೇಂದ್ರ. 1980ರ ದಶಕದಲ್ಲಿ ಅದು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಯ ಮೂಲಕವೂ ಮಾನಸಿಕ ರೋಗಿಗಳ ಆರೈಕೆ ಸಾಧ್ಯವೆಂಬುದನ್ನು ತೋರಿಸಿ, ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪರಿಣತಿ ಪಡೆದವರು ನಗರದಲ್ಲಿಯೇ ಉಳಿಯಬೇಕೆಂಬ ನಿಯಮವೇನೂ ಇರುವುದಿಲ್ಲ.

7. ಆಯ್ಕೆಗೆ ಮುನ್ನ ಪರಿಗಣಿಸಬೇಕಾದ ಅಂಶಗಳು

ಪ್ರತಿ ಪೋಸ್ಟಿಂಗ್ ಮುಗಿದ ವಾರದಲ್ಲಿಯೇ ಕೆಳಕಂಡ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡಲ್ಲಿ ಮುಂದೆ ಹೋಲಿಕೆ ಸುಲಭವಾಗುತ್ತದೆ.

- ರೋಗಿಯೊಡನೆ ಬಹುಕಾಲ ಮಾತನಾಡುವ ಕೆಲಸ ಹಿಡಿಸಿತೆ, ಅಥವಾ ಕ್ಷಣದಲ್ಲಿ ನಿರ್ಧರಿಸುವ ಕೆಲಸವೆ?
- ರಾತ್ರಿ ಪಾಳಿ ಹಾಗೂ ದೀರ್ಘಕಾಲ ನಿಲ್ಲುವುದನ್ನು ದೇಹ ತಾಳಿತೆ?
- ರೋಗಿ ತೀರಿಕೊಂಡ ದಿನದ ನಂತರ ಮರುದಿನ ಅದೇ ವಾರ್ಡಿಗೆ ಮರಳಲು ಸಾಧ್ಯವಾಯಿತೆ?
- ಇಷ್ಟವಾದುದು ಕೆಲಸವೆ, ಅಥವಾ ಆ ವಾರ್ಡಿನ ಸಹೋದ್ಯೋಗಿಗಳೆ?
- ಆ ಪರಿಣತಿಗೆ ವಾಸಿಸಲಿಚ್ಛಿಸುವ ಊರಿನಲ್ಲಿ ಹುದ್ದೆಗಳಿವೆಯೆ?

ಮೊದಲ ವಾರದ ಅಳುಕನ್ನು ಆಧಾರವಾಗಿಟ್ಟುಕೊಂಡು ಯಾವುದೇ ವಿಭಾಗವನ್ನು ತಿರಸ್ಕರಿಸುವುದು ಸೂಕ್ತವಲ್ಲ. ಒಂದೇ ವಿಭಾಗಕ್ಕೆ ಇಂಟರ್ನ್‌ಶಿಪ್‌ನಲ್ಲಿ ಮತ್ತೆ ಹೋಗುವ ಅವಕಾಶವಿರುವುದರಿಂದ ಅಂತಿಮ ತೀರ್ಮಾನವನ್ನು ಆ ನಂತರ ಕೈಗೊಳ್ಳಬಹುದು.

8. ಪ್ರವೇಶ ಪಡೆಯುವ ಮುನ್ನ

ಅಭ್ಯರ್ಥಿಗಳು ಶುಲ್ಕ ಪಾವತಿಸುವ ಮುನ್ನ ಕೆಳಕಂಡವುಗಳನ್ನು ಖಚಿತಪಡಿಸಿಕೊಳ್ಳುವುದು.

- ಸಂಸ್ಥೆಗೆ ಆ ಶೈಕ್ಷಣಿಕ ವರ್ಷಕ್ಕೆ ಮಾನ್ಯತೆ ಹಾಗೂ ಸಂಯೋಜನೆ ಇರುವುದು.
- ತರಬೇತಿ ನೀಡುವ ಆಸ್ಪತ್ರೆ ಯಾವುದು, ಹಾಸಿಗೆಗಳೆಷ್ಟು, ಹೆರಿಗೆ ಮತ್ತು ಮಕ್ಕಳ ವಿಭಾಗಗಳು ನಿಜವಾಗಿ ನಡೆಯುತ್ತಿವೆಯೆ ಎಂಬುದು.
- ಮಾನಸಿಕ ಆರೋಗ್ಯ ತರಬೇತಿಗೆ ಹೊರ ಊರಿಗೆ ಹೋಗಬೇಕಿದ್ದಲ್ಲಿ ವಸತಿ ಮತ್ತು ಪ್ರಯಾಣ ವೆಚ್ಚ ಯಾರದು ಎಂಬುದು.
- ರಾತ್ರಿ ಪಾಳಿಯ ವೇಳೆ ಹಾಸ್ಟೆಲ್‌ನಿಂದ ಆಸ್ಪತ್ರೆಗೆ ವಾಹನ ವ್ಯವಸ್ಥೆ.

ವ್ಯಾಸಂಗ ಪೂರ್ಣಗೊಂಡ ನಂತರ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಳ್ಳತಕ್ಕದ್ದು. ನೋಂದಣಿಯಿಲ್ಲದೆ ನರ್ಸ್ ಆಗಿ ಸೇವೆ ಸಲ್ಲಿಸಲು ಅಥವಾ ವಿಶೇಷ ವಿಭಾಗದ ವ್ಯಾಸಂಗಕ್ಕೆ ಸೇರಲು ಅವಕಾಶವಿರುವುದಿಲ್ಲ. 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆಗೆ ಬದಲಾಗಿ ರಾಷ್ಟ್ರೀಯ ಆಯೋಗವೊಂದನ್ನು ರಚಿಸುವ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿರುವುದರಿಂದ, ಅರ್ಜಿ ಸಲ್ಲಿಸುವ ವರ್ಷದ ಅಧಿಸೂಚನೆಯನ್ನು ಓದಿಕೊಂಡು ಮುಂದುವರಿಯಲು ಕೋರಲಾಗಿದೆ.