ಧವಲಾ: ಬೀಗದೊಳಗಿನ ತಾಳೆಗರಿ, ಕದ್ದು ಮಾಡಿದ ನಕಲು

ಮಧ್ಯಯುಗದ ಗ್ರೀಕ್ ಚರ್ಚುಗಳಲ್ಲಿ ಒಂದು ನಮೂನೆಯ ಹಸ್ತಪ್ರತಿ ಇರ್ತಿತ್ತು. ವರ್ಷದ ಯಾವ ದಿನ ಸುವಾರ್ತೆಯ ಯಾವ ಭಾಗ ಓದಬೇಕು ಅನ್ನೋ ಕ್ರಮದಲ್ಲಿ ಚರ್ಮದ ಹಾಳೆ ಮೇಲೆ ಬರೆದ ಪುಸ್ತಕ. ಜನರ ಮುಂದೆ ಗಟ್ಟಿಯಾಗಿ ಓದಾಕಂತಲೇ ಬರೆದದ್ದು. ಹೆಚ್ಚು ಕಡಿಮೆ ಅದೇ ಕಾಲದ ನಮ್ಮ ನಾಡಿನ ಒಂದು ಹಸ್ತಪ್ರತಿಯ ಕಥೆ ಉಲ್ಟಾ ಐತಿ. ಅದಕ್ಕ ಜನ ತಲೆಮಾರುಗಟ್ಟಲೆ ಕೈ ಮುಗಿದರು. ಓದಿದವರು ಇರಲಿಲ್ಲ.

ಮೂಡಬಿದಿರೆಯ ಸಿದ್ಧಾಂತ ಬಸದಿಯ ಧವಲಾ ಅದು. ದಿಗಂಬರ ಜೈನರ ಪ್ರಾಚೀನ ಆಗಮ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಬರೆದ ಟೀಕೆ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಲಿಪಿ ಮಾತ್ರ ಹಳಗನ್ನಡ. ಬಸದಿಯ ತಾಳೆಗರಿ ಪ್ರತಿ 12ನೇ ಶತಮಾನದ್ದು, ಅದರಲ್ಲಿ ಬಣ್ಣದ ಚಿತ್ರಗಳೂ ಇವೆ.

19ನೇ ಶತಮಾನದ ಕೊನೆಗೆ ಮುಂಬೈಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಹೀರಾಚಂದ್ ನೇಮಚಂದ್ ದರ್ಶನಕ್ಕೆ ಬಂದವರು ಗರಿಗಳ ಸ್ಥಿತಿ ನೋಡಿ ಗಾಬರಿಯಾದರು. ನಕಲು ಮಾಡ್ಸೋಣ ಅಂತ ಹಣ ಕೂಡಿಸಿದರು. 1896ರ ಸುಮಾರಿಗೆ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ, ಮಿರಜದ ಗಜಪತಿ ಶಾಸ್ತ್ರಿ ಬರೆಯಾಕ ಕೂತರು. ಆದರೆ ನಕಲೂ ಮೂಡಬಿದಿರೆ ಬಿಟ್ಟು ಹೊರಗೆ ಹೋಗುವಂತಿರಲಿಲ್ಲ. ಅಂದ್ರ ಒಂದು ಬೀಗದ ಬದಲು ಎರಡು ಬೀಗ!

ಗಜಪತಿ ಶಾಸ್ತ್ರಿ ಏನು ಮಾಡಿದರು ನೋಡ್ರಿ. ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಬರೆದರು. ಹೆಂಡತಿ ಲಕ್ಷ್ಮೀಬಾಯಿಯವರೂ ಜೊತೆಗೆ ಕೂತು ಬರೆದರು. ಆ ಪ್ರತಿ ಕೊನೆಗೆ ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರ ಕೈ ಸೇರಿತು. ಅಲ್ಲಿ ನಾಗರಿಗೆ ಇಳಿಸಲು ನೇಮಕವಾದ ಸೀತಾರಾಮ ಶಾಸ್ತ್ರಿ ತಮಗೂ ಒಂದು ನಕಲು ಇಟ್ಟುಕೊಂಡರು. ಕದ್ದದ್ದರಲ್ಲಿ ಮತ್ತೆ ಕದ್ದದ್ದು! ಬೇರೆ ಊರುಗಳಿಗೆ ಧವಲಾ ಹಬ್ಬಿದ್ದು ಅಲ್ಲಿಂದ.

ಇದು ಕಳವೇ? ಕೊಟ್ಟ ಮಾತು ಮುರಿದದ್ದಂತೂ ಹೌದು. ಬಸದಿಯವರ ಅಂಜಿಕೆ ಸುಳ್ಳೂ ಅಲ್ಲ. ಶತಮಾನಗಳ ಕಾಲ ಆ ಗರಿಗಳನ್ನು ಕಾಯ್ದವರು ಅವರೇ. ಆದರೂ ನನ್ನ ಓಟು ಗಜಪತಿ ದಂಪತಿಗೆ. ಒಂದೇ ಜಾಗದಲ್ಲಿರೋ ಪುಸ್ತಕಕ್ಕ ಒಂದು ಬೆಂಕಿ ಸಾಕು.

1939ರಲ್ಲಿ ಪ್ರೊ. ಹೀರಾಲಾಲ್ ಜೈನ್ ಅಮರಾವತಿಯಿಂದ ಮೊದಲ ಸಂಪುಟ ಅಚ್ಚು ಹಾಕಿಸಿದರು. ಸಂಪಾದನೆಗೆ ಹೆಗಲು ಕೊಟ್ಟವರಲ್ಲಿ ಒಬ್ಬರು ಡಾ. ಆ.ನೇ. ಉಪಾಧ್ಯೆ. ನಮ್ಮ ಹತ್ತರಗಿಯಿಂದ ದೂರದವರೇನಲ್ಲ, ಪಕ್ಕದ ಚಿಕ್ಕೋಡಿ ಸೀಮೆಯ ಸದಲಗಾದವರು. ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಪ್ರಾಕೃತ ಕಲಿಸ್ತಿದ್ದರು. ಪುಸ್ತಕ ಹೊರಬಂದ ಮೇಲೆ ಮೂಡಬಿದಿರೆಯ ಮನಸ್ಸೂ ಕರಗಿತು. ಮುಂದಿನ ಸಂಪುಟಗಳ ಪಾಠವನ್ನು ಮೂಲ ತಾಳೆಗರಿಯೊಂದಿಗೇ ತಾಳೆ ನೋಡಾಕ ಒಪ್ಪಿಗೆ ಸಿಕ್ಕಿತು. 16ನೇ, ಅಂದರೆ ಕೊನೆಯ ಸಂಪುಟ ಬಂದದ್ದು 1958ರಲ್ಲಿ.